ನಕ್ಷೆಯಲ್ಲಿಲ್ಲದ ಬಾಗಿಲು

ಪುಟ್ಟೀ, ಚಿನ್ನೂ, ಈ ಅಜ್ಜಿಯ ಕೋಣೆಯಿಂದ ನೇರ ಅಂಗಳಕ್ಕೆ ಹೋಗುವ ಬಾಗಿಲಿದೆಯಲ್ಲ, ನೀವು ದಿನಕ್ಕೆ ಇಪ್ಪತ್ತು ಸಲ ಧಡ್ ಎಂದು ಹಾಕುವುದು, ಅದು ಮನೆಯ ನಕ್ಷೆಯಲ್ಲಿಲ್ಲ.

ನಕ್ಷೆ ಬರೆದವರು ನಿಮ್ಮಪ್ಪನ ಗೆಳೆಯ, ಇಂಜಿನಿಯರ್. ಬಹಳ ಓದಿದವರು. ನನ್ನ ಕೋಣೆಗೆ ಒಂದೇ ಬಾಗಿಲು ಕೊಟ್ಟಿದ್ದರು, ಅದೂ ಹೋಂಸ್ಟೇ ಅತಿಥಿಗಳು ಕಾಲು ಚಾಚಿ ಕೂರುವ ಹಾಲ್‌ಗೆ. ನಾಲ್ಕು ಜನರೆದುರು ತಲೆಯೆತ್ತಲಾರದ ನಾನು ಬಚ್ಚಲಿಗೆ ಹೋಗಬೇಕಾದರೂ ಅವರನ್ನು ದಾಟಬೇಕು. ಇದನ್ನು ಇಂಜಿನಿಯರರಿಗೆ ಹೇಳಲು ಮೂರು ಸಲ ಕಾಫಿ ಹಿಡಿದುಕೊಂಡು ಹೋದೆ. ಮೂರು ಸಲವೂ ಕಾಫಿ ಕೊಟ್ಟು ಬಂದೆ.

ತಳದ ಕಾಂಕ್ರೀಟ್ ಒಣಗಿದ ಮೇಲೆ ಗೋಡೆಗಳ ಗುರುತು ಹಾಕಲು ರೋಬೋಟ್ ಬಂತು. ಅಕ್ಕಿ ಡಬ್ಬಕ್ಕೆ ಚಕ್ರ ಕಟ್ಟಿದಂತಿತ್ತು. ನಕ್ಷೆ ಅದರ ಹೊಟ್ಟೆಯಲ್ಲೇ ಇತ್ತಂತೆ. ಓಡಾಡುತ್ತಾ ನೆಲದ ಮೇಲೆ ಗೆರೆ ಎಳೆಯುತ್ತಿತ್ತು. ಜೀವಮಾನವೆಲ್ಲ ದಾರ ಹಿಡಿದು ಗುರುತು ಹಾಕಿದ ಮೇಸ್ತ್ರಿ ಕೈಕಟ್ಟಿ ನಿಂತಿದ್ದರು.

"ಇದು ತಪ್ಪೇ ಮಾಡಲ್ಲ ಮೇಸ್ತ್ರಿ," ಎಂದರು ಇಂಜಿನಿಯರ್.

"ಹೌದಾ ಮಾರಾಯ್ರೆ? ಊಟ ಎಷ್ಟೊತ್ತಿಗೆ ಮಾಡ್ತದೆ?" ಎಂದರು ಮೇಸ್ತ್ರಿ.

ದಾರಿಗೆ ಏನಾದರೂ ಅಡ್ಡ ಬಂದರೆ ಅದು ಮುಟ್ಟುವುದಿಲ್ಲ, ನಿಂತುಬಿಡುತ್ತದೆ ಎಂದೂ ಇಂಜಿನಿಯರ್ ಹೆಮ್ಮೆಯಿಂದ ವಿವರಿಸಿದರು. ಅಷ್ಟು ಮರ್ಯಾದಸ್ಥ. ಸಂಜೆಗೆ ನನ್ನ ಕೋಣೆಯೊಂದು ಉಳಿಯಿತು.

ಮರುದಿನ ಅವರು ಬರುವಷ್ಟರಲ್ಲಿ ಅಲ್ಲಿ ಕಾಫಿ ಹಣ್ಣು ಹರವಿದ್ದೆ. ಕಣದಲ್ಲಿ ಜಾಗ ಇರಲಿಲ್ಲವೇ ಎಂದು ಕೇಳಬೇಡಿ. ರೋಬೋಟ್ ಹಣ್ಣಿನ ಅಂಚಿಗೆ ಬಂದು ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂದು ನಿಂತಿತು. ಹೊಸ ಸೊಸೆಯ ಹಾಗೆ.

"ಅಮ್ಮಾ, ಇದನ್ನ ಸ್ವಲ್ಪ ತೆಗೆಸ್ತೀರಾ?" ಎಂದರು ಇಂಜಿನಿಯರ್.

ನಾನು ಸೆರಗು ಎಳೆದುಕೊಂಡು ನೆಲ ನೋಡಿದೆ. ನನ್ನ ನಾಚಿಕೆ ಒಮ್ಮೆಯಾದರೂ ಉಪಯೋಗಕ್ಕೆ ಬಂತು.

"ಹಸಿ ಹಣ್ಣು ಗುಡ್ಡೆ ಹಾಕಿದ್ರೆ ಬೂಸ್ಟು ಹಿಡೀತದೆ ಮಾರಾಯ, ಬಿಡು," ಎಂದ ನಿಮ್ಮಪ್ಪ. ಬೆಳೆಗಾರನಲ್ಲವೇ.

ರೋಬೋಟ್‌ಗೆ ಮಧ್ಯಾಹ್ನ ಹೊರನಾಡಿನಲ್ಲಿ ಯಾವುದೋ ಲಾಡ್ಜಿನ ಕೆಲಸವಿತ್ತು. ಉಳಿದದ್ದನ್ನು ಕೈಯಲ್ಲೇ ಹಾಕಿ ಎಂದು ಇಂಜಿನಿಯರ್ ಅದನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಮೇಸ್ತ್ರಿ ಹಣ್ಣನ್ನು ಕೈಯಿಂದ ಒಂದು ಗೇಣು ಸರಿಸಿ ದಾರ ಎಳೆದರು. ಅಷ್ಟೇ ಕೆಲಸ. ಆಮೇಲೆ ನನ್ನತ್ತ ತಿರುಗಿದರು.

"ಬಾಗ್ಲು ಎಲ್ಲಿಡ್ಲಿ ಅಮ್ಮ?"

ಅಷ್ಟು ದಿನ ಯಾರೂ ಕೇಳದ ಪ್ರಶ್ನೆ. ಎಲ್ಲ ತಿಳಿದ ಯಂತ್ರಕ್ಕಂತೂ ಕೇಳುವ ಅಗತ್ಯವೇ ಇರಲಿಲ್ಲ. ನಾನು ಅಂಗಳದ ಕಡೆ ಬೆರಳು ತೋರಿಸಿದೆ.

ಇಂಜಿನಿಯರರ ಕಂಪ್ಯೂಟರಿನಲ್ಲಿ ಅಲ್ಲಿ ಇವತ್ತಿಗೂ ಗೋಡೆಯೇ ಇದೆ. ಹಣ್ಣಿನ ವಿಷಯ ನಿಮ್ಮಪ್ಪನಿಗೆ ಹೇಳಬೇಡಿ. ಆದರೆ ನಾನು ಹೋದ ಮೇಲೆ ರಿಪೇರಿಗೆ ಬಂದ ಇನ್ನೊಂದು ಯಂತ್ರ ಇಲ್ಲಿ ಬಾಗಿಲೇ ಇಲ್ಲವೆಂದು ಹಟ ಹಿಡಿದರೆ ತೋರಿಸಲು ಬೇಕಾಗುತ್ತದೆ, ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ.