ನನಗೆ ಬಾರದ ಜ್ವರ

ಮೊನ್ನೆ ಮೊಮ್ಮಗಳು ಹಳೇ ಟ್ರಂಕಿನಿಂದ ಉಣ್ಣೆ ಶಾಲು ತೆಗೆದು ಬಿಸಿಲಿಗೆ ಹರವಿದಳು. ನುಸಿಗುಳಿಗೆಯ ವಾಸನೆ ಜಗಲಿಯವರೆಗೂ ಬಂತು. ಇಷ್ಟು ವರ್ಷವಾದರೂ ಆ ವಾಸನೆಗೆ ಹೆದರುತ್ತೇನೆ. ನನ್ನ ಪಾಲಿಗೆ ಅದು ಕರಿಕೋಟಿನ ಹುಡುಗನ ವಾಸನೆ...

ಭದ್ರಾ ಡ್ಯಾಮ್ ಕಟ್ಟುತ್ತಿದ್ದ ಕಾಲ. ನಾವು ಮಲವಗೊಪ್ಪದಲ್ಲಿದ್ದೆವು. ನನ್ನ ಗಂಡನೂ ತಮ್ಮನೂ ಭದ್ರಾವತಿಯಲ್ಲಿ ಮರ ಕೊಯ್ಯುವ ಒಂದು ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದರು. ಒಂದು ಸಂಜೆ ಅಲ್ಲಿಯ ಮೆಷಿನ್ನು ತಿರುಗಿಸುವ ಚರ್ಮದ ಪಟ್ಟಿ ಕಳುವಾಯಿತು. ತಮ್ಮ ಹೊತ್ತುಕೊಂಡು ಹೋಗಿದ್ದನ್ನು ಕಣ್ಣಾರೆ ಕಂಡೆ ಎಂದು ಮೇಸ್ತ್ರಿ ಹೇಳಿದ. ಪೊಲೀಸರು ತಮ್ಮನನ್ನು ಹಿಡಿದುಕೊಂಡು ಹೋದರು. ಆದರೆ ಆ ಸಂಜೆ ತಮ್ಮ ನಮ್ಮ ಮನೆಯಲ್ಲಿ ತೊಲೆಗೆ ಹಗ್ಗ ಬಿಗಿದು ನನ್ನ ಮಗುವಿಗೆ ಸೀರೆಯ ತೊಟ್ಟಿಲು ಕಟ್ಟುತ್ತಿದ್ದ. ಗಂಡ ಇನ್ನೂ ಬಂದಿರಲಿಲ್ಲ, ಅತ್ತೆ ತವರಿಗೆ ಹೋಗಿದ್ದರು. ಅದನ್ನು ಕಂಡವಳು ನಾನೊಬ್ಬಳೇ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಯಸ್ಸಾದ ವಕೀಲರೊಬ್ಬರಿದ್ದರು. ಗತಿಯಿಲ್ಲದವರ ಕೇಸನ್ನು ಫೀಸಿಲ್ಲದೆ ನಡೆಸುತ್ತಿದ್ದರು. ಆ ಬೇಸಿಗೆ ಅವರ ಹತ್ತಿರ ಲಾ ಓದುವ ಹುಡುಗನೊಬ್ಬ ಬಂದಿದ್ದ. ಆಗ ಹರಿಜನ ಹಾಸ್ಟೆಲ್ ಎನ್ನುತ್ತಿದ್ದರು, ಅಲ್ಲಿಯವನು. ಅಂಥ ಹುಡುಗರು ರಜೆಯಲ್ಲಿ ಬಡವರ ಕೇಸಿನ ಕೆಲಸ ಕಲಿಯಲಿ ಎಂದು ಯಾರೋ ಪುಣ್ಯಾತ್ಮರು ಊಟಕ್ಕೂ ಬಸ್ ಚಾರ್ಜಿಗೂ ಕೊಟ್ಟು ಕಳಿಸುತ್ತಿದ್ದರಂತೆ. ತಮ್ಮನ ಕೇಸಿನ ಓಡಾಟ ಅವನ ಪಾಲಿಗೆ ಬಂತು.

ಮೇ ತಿಂಗಳ ಉರಿಯಲ್ಲಿ ಕರಿಕೋಟು ತೊಟ್ಟು ನಮ್ಮ ಮನೆ ಹುಡುಕಿಕೊಂಡು ಬಂದ. ಕೋಟು ವಕೀಲರದು, ಭುಜದಲ್ಲಿ ಇಳಿಬಿದ್ದಿತ್ತು, ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಅತ್ತೆ ಅದನ್ನು ಕಂಡು ಅವಸರವಾಗಿ ಚಾಪೆ ಹಾಸಿದರು. ಆಮೇಲೆ ಯಾವ ಕೇರಿ ಎಂದು ಕೇಳಿದರು. ಅವನು ಇದ್ದದ್ದನ್ನು ಹೇಳಿದ. ಅತ್ತೆ ಚಾಪೆ ಸುತ್ತಿಕೊಂಡು ಎದ್ದರು.

"ಕೋಟು ನೋಡಿ ಮೋಸ ಹೋದೆ ಮಾರಾಯ್ತಿ" ಎಂದು, ಅವನಿಗೂ ಕೇಳುವ ಹಾಗೆ, ನನಗೆ ಹೇಳಿದರು.

ಅವನು ನಕ್ಕ. "ಸ್ಟೇಷನ್ನಿನವರೂ ಹಂಗೇ ಮೋಸ ಹೋಗ್ತಾರೆ ಅಕ್ಕ. ಅದಕ್ಕೇ ಈ ಸೆಕೇಲೂ ಬಿಚ್ಚಲ್ಲ."

ಅಂಗಳದ ಬಿಸಿಲಲ್ಲೇ ನಿಂತು ಎಲ್ಲ ಕೇಳಿಕೊಂಡ. ನಾನು ಕೋರ್ಟಿಗೆ ಬಂದು ತೊಟ್ಟಿಲಿನ ಮಾತು ಹೇಳಿದರೆ ತಮ್ಮ ಉಳಿಯುತ್ತಾನೆ, ಬೇರೆ ಸಾಕ್ಷಿ ಇಲ್ಲ ಎಂದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಕೋರ್ಟು ಕಂಡವಳಲ್ಲ. ಆದರೂ ಬರುತ್ತೇನೆ ಎಂದೆ.

ಆ ವಾರ ಸಂತೆಯಲ್ಲಿ ಮೇಸ್ತ್ರಿ ಸಿಕ್ಕಿದ. ಮಗುವಿನ ಕೆನ್ನೆ ಸವರಿ, ಕುಶಲ ಕೇಳುವವನ ಹಾಗೆ ಹೇಳಿದ, "ನಿನ್ನ ಗಂಡ ಗರಗಸದ ಮುಂದೆ ನಿಲ್ಲೋನು ಕಣಮ್ಮ. ಎರಡು ಕೈಯೂ ಬೇಕಲ್ವಾ?"

ಅವತ್ತಿನಿಂದ ಗಂಡ ಮನೆಗೆ ಬಂದರೆ ಮೊದಲು ಕೈ ನೋಡುತ್ತಿದ್ದೆ. ಅವರು ಅನ್ನ ಕಲಸುವಾಗ ಬೆರಳುಗಳನ್ನೇ ನೋಡುತ್ತಾ ಕೂರುತ್ತಿದ್ದೆ. ಅವರಿಗೆ ಹೇಳಲಿಲ್ಲ. ಹುಡುಗ ಇನ್ನೊಮ್ಮೆ ಬಂದಾಗ ಅವನೊಬ್ಬನಿಗೆ ಹೇಳಿದೆ. ಸಮನ್ಸ್ ಕೊಟ್ಟು ಕರೆಸೋಣ ಎಂದು ವಕೀಲರು ಹೇಳಿದ್ದರಂತೆ, ತಾನೇ ಬೇಡ ಎಂದಿದ್ದನಂತೆ.

"ಬರೋದು ಬಿಡೋದು ನಿಮ್ಮಿಷ್ಟ. ನಾನಂತೂ ನಿಮ್ಮನ್ನ ತೋರಿಸಿಕೊಡಲ್ಲ ಅಕ್ಕ" ಎಂದ.

ವಿಚಾರಣೆಯ ದಿನ ಮಗುವನ್ನು ಅತ್ತೆಗೆ ಕೊಟ್ಟು ಶಿವಮೊಗ್ಗದ ಬಸ್ಸು ಹತ್ತಿದೆ. ಹೋಗಿದ್ದೆ ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಹೋಗಿದ್ದೆ. ಕೋರ್ಟಿನ ಅಂಗಳದ ಹುಣಸೆ ಮರದ ಹಿಂದೆ ನಿಂತೆ. ಆಚೆ ಬೀಡಿ ಅಂಗಡಿಯ ಹತ್ತಿರ ಮೇಸ್ತ್ರಿ ಇದ್ದ. ನನ್ನನ್ನು ನೋಡಿದ. ತನ್ನ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಮೆಲ್ಲಗೆ ತಿಕ್ಕಿಕೊಂಡ, ಅಷ್ಟೆ.

ಜವಾನ ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದ. ನಾನು ಮರಕ್ಕೆ ಇನ್ನಷ್ಟು ಒತ್ತಿಕೊಂಡು ನಿಂತೆ. ಎರಡನೇ ಸಲ ಕೂಗಿದಾಗ ಹುಡುಗ ಹೊರಗೆ ಬಂದ. ಬೆವರುತ್ತಾ ಸುತ್ತಲೂ ನೋಡಿದ. ಅವನ ಕಣ್ಣು ನನ್ನ ಮೇಲೆ ನಿಂತಿತು... ಅವನು ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಜವಾನ ಮೂರನೇ ಸಲ ಕೂಗಿದ. ಹುಡುಗ ತಲೆ ತಗ್ಗಿಸಿ ಒಳಗೆ ಹೋದ. ಸಾಕ್ಷಿ ಬಂದಿಲ್ಲ ಎಂದು ವಕೀಲರಿಗೆ ಹೇಳಿದನಂತೆ.

ತಮ್ಮನಿಗೆ ಆರು ತಿಂಗಳು ಜೈಲಾಯಿತು.

ರಜೆ ಮುಗಿದು ಊರಿಗೆ ಹೋಗುವ ಮುನ್ನ ಹುಡುಗ ಬೇಲಿಯ ಹತ್ತಿರ ಬಂದು ನಿಂತ. ಕೋಟು ಇರಲಿಲ್ಲ. ಒಳಗಿನ ಅಂಗಿ ಭುಜದಲ್ಲಿ ಹರಿದಿದ್ದು ಅವತ್ತೇ ಕಂಡಿದ್ದು. ತಮ್ಮನನ್ನು ನೋಡಿ ಬಂದೆ ಎಂದ. "ಅಕ್ಕ ಯಾಕೆ ಬರ್ಲಿಲ್ಲ ಅಂತ ಕೇಳಿದ. ಜ್ವರ ಬಂದು ಮಲಗಿದ್ರು ಅಂದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಒಳಗಿದ್ದರೆಂದು, ಒಂದು ಲೋಟ ನೀರು ಬೇಕಾ ಎಂದೂ ಕೇಳಲಿಲ್ಲ ನಾನು. ಅವನು ಬಸ್ಸಿನ ದಾರಿ ಹಿಡಿದ. ಮತ್ತೆ ಕಾಣಲಿಲ್ಲ. ದೊಡ್ಡ ವಕೀಲನಾದನೋ, ಏನೋ... ಹೆಸರನ್ನೂ ಕೇಳಿಟ್ಟುಕೊಳ್ಳಲಿಲ್ಲ.

ತಮ್ಮ ಬಿಡುಗಡೆಯಾಗಿ ನೇರ ನಮ್ಮ ಮನೆಗೇ ಬಂದ. ಸೊರಗಿ ಕಡ್ಡಿಯಾಗಿದ್ದ. ಹೊಸಿಲು ದಾಟುವ ಮೊದಲೇ ಕೇಳಿದ, "ಜ್ವರ ಬಿಡ್ತಾ ಅಕ್ಕ?"

ಬಿಡ್ತು ಕಣೋ ಎಂದೆ.

ಅವನಿಗೆ ಮತ್ತೆ ಯಾವ ಮಿಲ್ಲಿನಲ್ಲೂ ಕೆಲಸ ಸಿಗಲಿಲ್ಲ. ಕಳ್ಳ ಎನ್ನಿಸಿಕೊಂಡೇ ಬದುಕಿದ. ನನಗೆ ಸ್ವಲ್ಪ ಮೈ ಬಿಸಿಯಾದರೂ ಬಂದು ಹಣೆ ಮುಟ್ಟಿ ನೋಡುತ್ತಿದ್ದ. ಹೇಳಬೇಕೆಂದು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ... ನನ್ನ ಗಂಡ ಎರಡೂ ಕೈ ನೆಟ್ಟಗಿದ್ದೇ ತೀರಿಕೊಂಡರು. ತಮ್ಮ ಹೋದ ವರ್ಷ ಹೋದ.

ಮೊನ್ನೆ ಶಾಲಿನ ಪಕ್ಕ ನಾನು ನಡುಗುತ್ತಾ ಕೂತಿದ್ದನ್ನು ಕಂಡು ಮೊಮ್ಮಗಳು ಓಡಿ ಬಂದಳು. ಹಣೆ ಮುಟ್ಟಿ ನೋಡಿ, ಜ್ವರ ಏನಿಲ್ವಲ್ಲ ಅಜ್ಜಿ ಎಂದಳು.

"ಇಲ್ಲ ಕಣೇ. ಅವತ್ತೂ ಇರಲಿಲ್ಲ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಆ ಮಾತು ಕೇಳಬೇಕಾದ ತಮ್ಮ ಇರಲಿಲ್ಲ.