ಖಾಲಿ ಕೊಡಬಾರದ ಡಬ್ಬಿ

ಮಣಿಪಾಲದ ಒಂದು ಕಾಲೇಜಿನಲ್ಲಿ ನಾನು ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಬೇಡವಾದ ವಸ್ತುಗಳನ್ನು ಕಂಪ್ಯೂಟರ್ ತನ್ನ ನೆನಪಿನಿಂದ ಹೇಗೆ ಗುಡಿಸುತ್ತದೆ ಎಂಬ ಪಾಠ ಪ್ರತಿ ವರ್ಷ ಬರುತ್ತದೆ. ಒಂದೊಂದು ವಸ್ತುವನ್ನೂ ಎಷ್ಟು ಕಡೆಯಿಂದ ಹಿಡಿದುಕೊಳ್ಳಲಾಗಿದೆ ಎಂದು ಅದು ಎಣಿಸುತ್ತಿರುತ್ತದೆ. ಎಣಿಕೆ ಸೊನ್ನೆಯಾದರೆ ಆ ವಸ್ತು ಕಸ. ಆದರೆ ಎರಡು ವಸ್ತುಗಳು ಒಂದನ್ನೊಂದು ಹಿಡಿದುಕೊಂಡರೆ ಸೊನ್ನೆ ಬರುವುದೇ ಇಲ್ಲ. ಅಂಥ ಜೋಡಿ ಕಸಕ್ಕೆ ಎಣಿಕೆಯನ್ನು ನಂಬದ ಬೇರೆ ಗುಡಿಸುವವನೇ ಬೇಕು. ಪುಸ್ತಕದ ಉದಾಹರಣೆ ಕೊಟ್ಟರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೇ ನಾನು ಡಬ್ಬಿಗಳ ಕಥೆ ಹೇಳುವುದು.

ಕಾಪುವಿನಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು ಇದ್ದರು. ಗಂಡ ದುಬೈಯಲ್ಲಿ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಎನ್ನುತ್ತಿದ್ದರು. ಅವರ ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ರೊಟ್ಟಿಯಂಥ ಪತ್ತಿರ್ ಬಂದರೆ, ಕಾರ್ಕಳದ ನನ್ನಮ್ಮ ಕಲಿಸಿದ ಕೆಸುವಿನೆಲೆಯ ಪತ್ರೊಡೆ ನನ್ನ ಡಬ್ಬಿಯಲ್ಲಿ ಹೋಗುತ್ತಿತ್ತು. ಡಬ್ಬಿಯನ್ನು ಖಾಲಿ ಹಿಂದೆ ಕೊಡಬಾರದು ಎಂಬುದು ಎರಡೂ ಮನೆಗಳ ಕ್ರಮ. ಹಾಗಾಗಿ ಅವರದೊಂದು ನನ್ನಲ್ಲಿ, ನನ್ನದೊಂದು ಅವರಲ್ಲಿ ಯಾವಾಗಲೂ ಇರುತ್ತಿತ್ತು. ಗೋಡೆಯ ಆಚೆಗೆ ಒಂದು ಕೂಗು ಹಾಕಿದರೆ ಸಾಕಾಗುತ್ತಿದ್ದುದರಿಂದ ಫೋನ್ ನಂಬರ್ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮಣಿಪಾಲಕ್ಕೆ ಮನೆ ಬದಲಿಸಿದ ದಿನ ಅಡುಗೆಮನೆಯೆಲ್ಲ ಮೂಟೆಯಾಗಿತ್ತು. ಅವರ ಡಬ್ಬಿಗೆ ಹಾಕಲು ಒಂದು ಹಿಡಿ ಅವಲಕ್ಕಿಯೂ ಇರಲಿಲ್ಲ. ಬರುವ ವಾರ ಏನಾದರೂ ಮಾಡಿ ತರುತ್ತೇನೆ ಎಂದು ಡಬ್ಬಿಯನ್ನು ಜೊತೆಯಲ್ಲೇ ತಂದೆ. ಆ ವಾರಕ್ಕೆ ನಾಲ್ಕು ವರ್ಷವಾಯಿತು. ಕಾಪು ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಸೋಮಾರಿತನಕ್ಕೆ ಮೊದಲು ಕೆಲಸದ ನೆಪವಿತ್ತು, ಆಮೇಲೆ ನಾಚಿಕೆಯ ನೆಪ ಸಿಕ್ಕಿತು. ಅವರ ದನಿ ಕೇಳಬೇಕೆಂದು ಎಷ್ಟು ಆಸೆಯಾಗುತ್ತಿತ್ತೆಂದರೆ, ಒಮ್ಮೊಮ್ಮೆ ಒಲೆಯ ಮುಂದೆ ನಿಂತು ಸುಮ್ಮನೆ ಗೋಡೆಯ ಕಡೆ ನೋಡುತ್ತಿದ್ದೆ.

ಈ ವರ್ಷ ಕಥೆ ಮುಗಿದಾಗ ಒಬ್ಬಳು ಹುಡುಗಿ ಎದ್ದು ನಿಂತಳು. “ಮ್ಯಾಮ್, ಎರಡೂ ಒಂದನ್ನೊಂದು ಬಿಡದೆ ಹಿಡಿದುಕೊಂಡಿವೆ ಅಲ್ವಾ? ಮತ್ತೆ ಕಸ ಹೇಗೆ?”

“ಗುಡಿಸುವವನು ಅದನ್ನು ನೋಡುವುದಿಲ್ಲ ಮಾರಾಯ್ತಿ,” ಎಂದೆ. “ನಡೆಯುತ್ತಿರುವ ಪ್ರೋಗ್ರಾಮಿನಿಂದ ಅಲ್ಲಿಗೆ ಹೋಗಲಿಕ್ಕೆ ದಾರಿ ಉಂಟಾ ಎಂದು ಮಾತ್ರ ನೋಡುವುದು. ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ಗುಡಿಸುತ್ತಾನೆ.”

ಕಾಪುವಿನ ದಾರಿಯನ್ನು ನಾಲ್ಕು ವರ್ಷ ತುಳಿಯದವಳು ನಾನೇ. ಆ ಭಾನುವಾರ ಹಲಸಿನ ಹಣ್ಣಿನ ಗಟ್ಟಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ, ಅವರ ಡಬ್ಬಿಗೆ ತುಂಬಿಸಿ ಬಸ್ಸು ಹತ್ತಿದೆ.

ಅಕ್ಕನ ಮನೆಗೆ ಬೀಗ ಹಾಕಿತ್ತು. ನಮ್ಮ ಹಳೆಯ ಮನೆಯ ಯಜಮಾನತಿ ನನ್ನನ್ನು ಕಂಡು ಹೊರಗೆ ಬಂದರು.

“ಅವರು ಗಂಡನ ಹತ್ತಿರ ದುಬೈಗೆ ಹೋಗಿ ವರ್ಷ ಆಯಿತು. ಹೋಗುವ ಮೊದಲು ನಿಮ್ಮನ್ನು ತುಂಬ ಹುಡುಕಿದರು. ಮಣಿಪಾಲ ಅಂತ ಬಿಟ್ಟರೆ ನಮಗೆ ಎಂತ ಗೊತ್ತುಂಟು? ಅವರ ಅಲ್ಲಿನ ನಂಬರ್ ನನ್ನಲ್ಲೂ ಇಲ್ಲ.”

ತಂದ ಡಬ್ಬಿಯನ್ನು ಅವರ ಜಗಲಿಯ ಮೇಲಿಟ್ಟೆ. ಅದನ್ನು ನೋಡಿ ಅವರು ಮುಂದುವರಿಸಿದರು.

“‘ಟೀಚರ್ ಡಬ್ಬಿ ನನ್ನ ಹತ್ತಿರ ಉಂಟು’ ಅಂದರು. ‘ಇಲ್ಲಿಟ್ಟು ಹೋಗಿ, ಟೀಚರ್ ಬಂದರೆ ಕೊಡುತ್ತೇನೆ’ ಅಂದೆ. ‘ಖಾಲಿ ಹೇಗೆ ಕೊಡುವುದು’ ಅಂತ ಹೇಳಿ ಅದನ್ನೂ ಪೆಟ್ಟಿಗೆಗೆ ಹಾಕಿಕೊಂಡು ಹೋದರು.”