ಇಬ್ಬರಿಗೆ ಸಾಲುವ ಟೆಂಟು

ಹೋದ ತಿಂಗಳು ನಮ್ಮ ತಾಯಿ ನನ್ನ ಟೆಂಟಿಗೆ ಸ್ನಾನ ಮಾಡಿಸಿದರು.

ಸ್ನಾನ ಎಂದರೆ ಸುಮ್ಮನೆ ಎರಡು ಚೆಂಬು ನೀರು ಚಿಮುಕಿಸಿದ್ದಲ್ಲ. ಹಂಡೆ ತುಂಬ ಬಿಸಿನೀರು, ಒಂದು ಮೊರ ಅಂಟುವಾಳದ ಕಾಯಿ, ಉಜ್ಜಲು ತೆಂಗಿನ ನಾರು. ಒಂದು ದಿನವಲ್ಲ, ಎರಡು ದಿನ. ಕಲ್ಲಿಗೆ ಬಡಿದು, ಮೂರು ಸಲ ಜಾಲಿಸಿ, ಹಿತ್ತಲಿನ ಗಳುವಿನ ಮೇಲೆ ಹರವಿದ್ದರು. ಎರಡನೆಯ ದಿನ ಸಾಯಂಕಾಲ ಕೋರ್ಟಿನಿಂದ ಬಂದ ನಾನು ಅದನ್ನು ಪಕ್ಕದ ಮನೆಯವರ ಜಮಖಾನ ಎಂದುಕೊಂಡೆ. ಮಿಲಿಟರಿ ಹಸಿರು ಹೋಗಿ ಒಣಬಾಳೆಲೆಯ ಬಣ್ಣ ಬಂದಿತ್ತು.

“ಏನಮ್ಮಾ ಇದು?”

“ಯುದ್ಧದಿಂದ ಬಂದ ಬಟ್ಟೆ ಕಣೋ. ಯಾವ ಸೋಲ್ಜರು ಅದರೊಳಗೆ ಏನು ತಿಂದಿದ್ದನೋ, ಎಷ್ಟು ದಿನ ಬಿದ್ದಿದ್ದನೋ! ಹಾಗೇ ಮನೆಯಲ್ಲಿ ಇಟ್ಕೊಳ್ಳೋಕಾಗತ್ತಾ? ನೋಡು ಈಗ, ಹೇಗೆ ಲಕ್ಷಣವಾಗಿದೆ.”

ನಾನು ತಲೆಯ ಮೇಲೆ ಕೈ ಹೊತ್ತು ಬಾವಿಕಟ್ಟೆಯ ಮೇಲೆ ಕೂತೆ. ಒಗೆದರೆ ಏನಾಯಿತು ಎಂದು ನೀವು ಕೇಳಬಹುದು. ಹೇಳುತ್ತೇನೆ. ಅದಕ್ಕೆ ಮೊದಲು ನಾನು ಟೆಂಟು ಕೊಂಡ ಕಥೆ ಕೇಳಬೇಕು.

ಯುದ್ಧ ಮುಗಿದ ಮೇಲೆ ಸರ್ಕಾರ ಬೇಡವೆಂದು ಮಾರಿದ ಸಾಮಾನಿನಲ್ಲಿ ನನಗೊಂದು ಮೋಟರ್ ಸೈಕಲ್ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. (ಇದೇ ಅಂಕಣದಲ್ಲಿ ಎರಡು ವಾರ ಅದನ್ನೇ ಕೊರೆದಿದ್ದೇನೆ.) ಅದು ನಮ್ಮ ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹೊರಟರೆ ಕಟ್ಟಿದ ಹಸು ಹಗ್ಗ ಕಿತ್ತುಕೊಳ್ಳುತ್ತದೆ. ಕಕ್ಷಿಗಾರರು ಮಾತ್ರ ಸದ್ದು ಕೇಳಿ ಹತ್ತಿರ ಬರುವುದಿಲ್ಲ, ಅದೇ ದುಃಖ.

ಈ ಗಾಡಿಗೆ ಭದ್ರಾವತಿಯಲ್ಲಿ ಒಬ್ಬ ವೈದ್ಯರಿದ್ದಾರೆ. ಹೆಸರು ರತ್ನವೇಲು. ಕಾರ್ಖಾನೆಯಲ್ಲಿ ಫಿಟ್ಟರ್. ಹತ್ತು ವರ್ಷದ ಹಿಂದೆ ಸೇಲಂ ಕಡೆಯಿಂದ ಬಂದವರು. ಗಾಡಿ ಕೆಮ್ಮಿದರೆ ಸಾಕು, ಕಿವಿಯಿಟ್ಟು ಕೇಳಿ ಎಲ್ಲಿ ನೋವು ಎಂದು ಹೇಳುತ್ತಾರೆ. ಭಾನುವಾರ ನಾವಿಬ್ಬರೂ ಗಾಡಿ ಹತ್ತಿ ಊರೂರು ಸುತ್ತುತ್ತೇವೆ. ರಾತ್ರಿಯಾದರೆ ಯಾವುದೋ ಛತ್ರ, ಯಾವುದೋ ಚಾವಡಿಯ ಜಗಲಿ. ಸೋಗಾನೆಯ ಹತ್ತಿರ ಒಂದು ಜಗಲಿಯಲ್ಲಿ ನಮ್ಮನ್ನು ತಿಗಣೆಗಳು ಎಷ್ಟು ಪ್ರೀತಿಯಿಂದ ನೋಡಿಕೊಂಡವೆಂದರೆ, ಬೆಳಗಾಗುವುದರೊಳಗೆ ಟೆಂಟು ಕೊಳ್ಳುವುದೆಂದು ನಿಶ್ಚಯವಾಗಿತ್ತು.

ಭದ್ರಾವತಿ ಸ್ಟೇಷನ್ನಿನ ಹಿಂದೆ ಒಬ್ಬ ವ್ಯಾಪಾರಿ ಮಿಲಿಟರಿ ಮಾಲು ರಾಶಿ ಹಾಕಿಕೊಂಡು ಕೂತಿದ್ದ. ಬೂಟು, ನೀರಿನ ಬಾಟಲಿ, ಕಂಬಳಿ, ಟೆಂಟು. ನನ್ನ ಕಣ್ಣು ಕೂಡಲೇ ಒಂದು ದೊಡ್ಡ ಟೆಂಟಿನ ಮೇಲೆ ಬಿತ್ತು. ಕಿಟಕಿ ಇತ್ತು! ಆರು ಜನ ಮಲಗಬಹುದಂತೆ. ಬೆಲೆ ಚಿಕ್ಕದಕ್ಕಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ದೊಡ್ಡ ಲಾಭ ಬಿಡುವುದುಂಟೇ?

“ಅಸಲೀ ಮಾಲು ಸ್ವಾಮಿ. ಬರ್ಮಾ ಮಳೆ ನೋಡ್ಕೊಂಡು ಬಂದಿದೆ,” ಎಂದ ವ್ಯಾಪಾರಿ.

ರತ್ನವೇಲು ಸುತ್ತಿಟ್ಟ ಆ ದೊಡ್ಡ ಟೆಂಟನ್ನು ಎತ್ತಿ ನನ್ನ ಕೈಗೆ ಹಾಕಿದರು. ನಾನು ಅದರ ಜೊತೆಗೇ ನೆಲಕ್ಕೆ ಕೂತೆ.

“ಗಾಡಿ ಹೊರೋಕಾಗದ ಟೆಂಟು ಪುಕ್ಕಟೆ ಕೊಟ್ರೂ ದುಬಾರಿನೇ ಸಾರ್,” ಎಂದರು. ಟೆಂಟು ಕೊಳ್ಳುವ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿದೆ. ಬೇಕಾದರೆ ಬರೆದಿಟ್ಟುಕೊಳ್ಳಿ.

ಆಮೇಲೆ ಒಂದು ಚಿಕ್ಕ ಟೆಂಟು ಬಿಡಿಸಿದರು. ಹೊಲಿಗೆಯನ್ನು ಬೆರಳಿನಿಂದ ಎಳೆದು ನೋಡಿದರು. ಬಿಸಿಲಿಗೆ ಹಿಡಿದು ತೂತಿದೆಯೇ ಎಂದು ನೋಡಿದರು. ಕೊನೆಗೆ ಕಂಬಳಿ ಪರೀಕ್ಷೆ. ನಮ್ಮ ಕಡೆ ರೈತ ಕಂಬಳಿ ಕೊಳ್ಳುವಾಗ ಏನು ಮಾಡುತ್ತಾನೆ? ನಾಲ್ಕು ಮೂಲೆ ಹಿಡಿಸಿ ನಡುವೆ ಒಂದು ಚೆಂಬು ನೀರು ಸುರಿಯುತ್ತಾನೆ. ನೀರು ನಿಂತರೆ ಕಂಬಳಿ, ಇಳಿದರೆ ಗೋಣಿ. ಹಾಗೆಯೇ ಟೆಂಟಿಗೂ ಸುರಿದೆವು. ರತ್ನವೇಲು ಒಂದು ಬೀಡಿ ಹಚ್ಚಿ ಮುಗಿಸುವ ತನಕ ನೀರು ನಿಂತೇ ಇತ್ತು. ಅಡಿಯಲ್ಲಿ ಅಂಗೈ ಇಟ್ಟು ನೋಡಿದೆ. ಒಣಗಿದ ಅಂಗೈ!

“ಪಾಸ್,” ಎಂದರು ರತ್ನವೇಲು.

ಮನೆಗೆ ತಂದ ಸಂಜೆ ನನ್ನ ಉತ್ಸಾಹ ನೋಡಬೇಕಿತ್ತು. ನಡುಮನೆಯಲ್ಲೇ ಟೆಂಟು ಹಾಸಿದೆ. ಅಮ್ಮ, ನನ್ನ ಹೆಂಡತಿ ಜಾನಕಿ, ನಮ್ಮ ಪುಟ್ಟ ಮಗಳು ಮೂವರೂ ನೋಡುತ್ತಿದ್ದರು. ನಾನು ಅದರ ಮೇಲೆ ಉದ್ದಕ್ಕೆ ಮಲಗಿ ತೋರಿಸಿದೆ. “ನೋಡಿ, ತಲೆ ಇಲ್ಲಿ ಬರತ್ತೆ, ಕಾಲು ಅಲ್ಲಿ. ನಾನು ಮಲಗಿದ ಮೇಲೂ ಪಕ್ಕದಲ್ಲಿ ಇನ್ನೊಬ್ಬರಿಗೆ ಎಷ್ಟು ಜಾಗ ಇದೆ!” ಎಂದು ಆ ಖಾಲಿ ಜಾಗವನ್ನು ಕೈಯಿಂದ ತಟ್ಟಿದೆ.

ಜಾನಕಿ ಆ ಜಾಗವನ್ನು ನೋಡಿದಳು. ಒಳಗೆ ಹೋದಳು. ಹೋಗುವಾಗ ನಗುತ್ತಿದ್ದಳು. ಟೆಂಟು ಅಗ್ಗಕ್ಕೆ ಸಿಕ್ಕಿತೆಂದು ಸಂತೋಷವಿರಬೇಕು ಎಂದು ನಾನು ತಿಳಿದೆ. (ಇಂಥ ಬುದ್ಧಿ ಇಟ್ಟುಕೊಂಡು ವಕೀಲಿ ಮಾಡುತ್ತಿದ್ದೇನೆ.)

ಅದಾದ ನಾಲ್ಕನೆಯ ದಿನವೇ ಈ ಅಂಟುವಾಳದ ಸ್ನಾನ.

ಈಗ ಒಗೆದರೆ ಏನಾಯಿತು ಎಂಬ ಪ್ರಶ್ನೆಗೆ ಬರೋಣ. ಟೆಂಟಿನ ಬಟ್ಟೆಗೆ ಮೇಣವೋ ಮತ್ತೇನೋ ಕುಡಿಸಿರುತ್ತಾರೆ. ನೀರನ್ನು ತಡೆಯುವುದು ಅದು. ಅಂಟುವಾಳಕ್ಕೆ ಅದೆಲ್ಲ ಕೊಳೆಯೇ! ಮರುದಿನ ಅನುಮಾನದಿಂದ ಒಂದು ಚೆಂಬು ನೀರು ಸುರಿದು ನೋಡಿದೆ. ಬೀಡಿ ಮುಗಿಯುವುದಿರಲಿ, ಬೀಡಿ ಹಚ್ಚುವಷ್ಟು ಹೊತ್ತೂ ನಿಲ್ಲಲಿಲ್ಲ. ಸೀದಾ ಇಳಿದು ನನ್ನ ಕೋರ್ಟಿನ ಶರಾಯಿ ತೋಯಿಸಿತು.

ಅಮ್ಮ ಪಕ್ಕದಲ್ಲೇ ನಿಂತಿದ್ದರು. “ಹಾಲು ಸೋಸಬಹುದು, ಅಷ್ಟು ಚೊಕ್ಕಟವಾಗಿದೆ,” ಎಂದರು.

ನಾನು ಕೂಗಾಡಿದೆ. ಮಡಿ, ಮೈಲಿಗೆ, ಹಿಂದೂ ಧರ್ಮ, ಯಾವುದನ್ನೂ ಬಿಡಲಿಲ್ಲ. ಅಮ್ಮ ಅಷ್ಟನ್ನೂ ಕೇಳಿಸಿಕೊಂಡು, “ಆಯ್ತಾ? ಕಾಫಿ ಕುಡಿ,” ಎಂದರು. ಎರಡು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆಂದು ಅವರಿಗೆ ಗೊತ್ತಾಯಿತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಮೂರನೆಯ ದಿನ ಭದ್ರಾವತಿಗೆ ಓಡಿದೆ. ರತ್ನವೇಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿಯನ್ನು ಕರೆದು ತಮಿಳಿನಲ್ಲಿ ಕಥೆ ಹೇಳಿದರು. ಅವರೂ ನಕ್ಕರು. ನಕ್ಕಾದ ಮೇಲೆ ಔಷಧಿ ಹೇಳಿದರು: ಬಾರ್ ಸೋಪು ಹೆರೆದು ಬಿಸಿನೀರಲ್ಲಿ ಕರಗಿಸಿ ಬಟ್ಟೆಯನ್ನು ಅದ್ದಿ ಒಣಗಿಸಬೇಕು. ಆಮೇಲೆ ಪಟಿಕದ ನೀರಲ್ಲಿ ಅದ್ದಿ ಮತ್ತೆ ಒಣಗಿಸಬೇಕು. ಹೊಲಿಗೆಗಳಿಗೆ ಜೇನುಮೇಣ ತಿಕ್ಕಬೇಕು.

“ಒಂದಿನದ ಕೆಲ್ಸ ಅಲ್ಲ ಸಾರ್. ಪೊರುಮೆ ಬೇಕು, ತಾಳ್ಮೆ. ನಿಮ್ಮ ಕೈಲಾಗತ್ತಾ?”

ನನ್ನ ಕೈಲಾಗಲಿಲ್ಲ. ಸೋಪು ಹೆರೆಯುವಾಗಲೇ ಬೆರಳು ಕುಯ್ದುಕೊಂಡೆ. ಜಾನಕಿ ನನ್ನ ಕೈಯಿಂದ ಕತ್ತಿ ಕಸಿದುಕೊಂಡಳು. “ಬಿಡಿ, ನಾನು ಮಾಡ್ತೀನಿ,” ಎಂದಳು.

ಒಂದು ವಾರ ಮಾಡಿದಳು. ಮಧ್ಯಾಹ್ನ ಅಡುಗೆಮನೆ ಸಾರಿಸಿ, ಎಲ್ಲರೂ ಕಾಲು ಚಾಚುವ ಹೊತ್ತಿಗೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು. ಅದ್ದುವುದು, ಹಿಂಡದೆ ಎತ್ತುವುದು, ನೆರಳು ಬಂದ ಕಡೆಯಿಂದ ಬಿಸಿಲಿಗೆ ಎಳೆಯುವುದು. ಆಮೇಲೆ ಕೂತು ಒಂದೊಂದೇ ಹೊಲಿಗೆಗೆ ಮೇಣ ತಿಕ್ಕುವುದು. ಆ ಒರಟು ಬಟ್ಟೆಗೆ ಅವಳ ಹೆಬ್ಬೆರಳಿನ ಸಿಪ್ಪೆ ಎದ್ದಿತ್ತು. ನಾನು ನೋಡಿದೆ. ಎಂಥ ಹೆಂಡತಿ! ಗಂಡ ಸ್ನೇಹಿತನ ಜೊತೆ ಸುತ್ತಲಿಕ್ಕೆ ಹೋಗಲೆಂದು ಇಷ್ಟು ಕಷ್ಟಪಡುತ್ತಾಳಲ್ಲ ಎಂದು ಕಣ್ಣು ತುಂಬಿ ಬಂತು. ಕೋರ್ಟಿನಲ್ಲಿ ನಾಲ್ಕು ಜನರ ಮುಂದೆ ಹೊಗಳಿದೆ ಕೂಡ.

ಮತ್ತೆ ಕಂಬಳಿ ಪರೀಕ್ಷೆ ನಡೆಯಿತು. ಒಂದು ಕಡೆ ಅಮ್ಮ, ಒಂದು ಕಡೆ ನಾನು. ಜಾನಕಿ ಚೆಂಬು ಬಗ್ಗಿಸಿದಳು. ನೀರು ನಿಂತಿತು. ಅವಳು ಬಗ್ಗಿ ಅಡಿಯಲ್ಲಿ ಕೈ ಇಟ್ಟು, ತೆಗೆದು, ಒಣಗಿದ ಅಂಗೈಯನ್ನು ನನಗೆ ತೋರಿಸಿದಳು. ನನಗೆ ಹೇಳಲಾರದಷ್ಟು ಸಂತೋಷವಾಯಿತು.

ಶನಿವಾರ ರತ್ನವೇಲು ಬರುವವರಿದ್ದರು. ಭಾನುವಾರ ಕೂಡ್ಲಿಗೆ, ತುಂಗೆ ಭದ್ರೆ ಸೇರುವ ಕಡೆ ಹೋಗಿ ಹೊಳೆದಂಡೆಯಲ್ಲಿ ಇಳಿಯುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಶುಕ್ರವಾರ ಸಂಜೆ ಟೆಂಟನ್ನು ಹಿತ್ತಲಲ್ಲಿ ನಿಲ್ಲಿಸಿ ನೋಡೋಣವೆಂದು ಗೂಟ ಹೊಡೆದೆ. ಕೈ ತೊಳೆದುಕೊಂಡು ಬಂದು ಒಳಗೆ ಇಣುಕಿದರೆ, ನೆಲಕ್ಕೆ ಒಂದು ಹೊಸ ಕೌದಿ ಹಾಸಿತ್ತು. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದದ್ದು. ಟೆಂಟಿನ ಅಳತೆಗೆ ಸರಿಯಾಗಿ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅದರ ಮೇಲೆ ಎರಡು ದಿಂಬು.

ಒಂದು ನನ್ನ ಚಪ್ಪಟೆ ದಿಂಬು. ಇನ್ನೊಂದು ಅವಳದು. ಗಿಳಿ ಹಸಿರಿನ ಕಸೂತಿ ಇರುವುದು.

ಆಗ ತಿಳಿಯಿತು. ಕೌದಿ ಇವತ್ತು ನಿನ್ನೆ ಹೊಲಿದದ್ದಲ್ಲ. ನಡುಮನೆಯಲ್ಲಿ ನಾನು ಜಾಗ ತಟ್ಟಿ ತೋರಿಸಿದ ದಿನದಿಂದ ಹೊಲಿಯುತ್ತಿದ್ದಳು. ಆ ಮೇಣ, ಆ ಸೋಪು, ಆ ಹೆಬ್ಬೆರಳು ಯಾವುದೂ ನನಗಾಗಿ, ರತ್ನವೇಲುವಿಗಾಗಿ ಅಲ್ಲ. ಅವಳೂ ಬರುತ್ತಾಳೆ. ಬರುತ್ತೀಯಾ ಎಂದು ಕೇಳಬೇಕೆಂಬುದೇ ನನಗೆ ಹೊಳೆದಿರಲಿಲ್ಲ. ಬರಲೇ ಎಂದು ಕೇಳಬೇಕೆಂಬುದೂ ಅವಳಿಗೆ ಹೊಳೆದಿರಲಿಲ್ಲ.

ನಾನೇನು ಮಾಡಿದೆ? ವಕೀಲ ಮಾಡುವುದನ್ನೇ ಮಾಡಿದೆ. ವಾಯಿದೆ ತೆಗೆದುಕೊಂಡೆ. “ಚೆನ್ನಾಗಿದೆ,” ಎಂದು ಒಳಗೆ ಹೋಗಿಬಿಟ್ಟೆ.

ಶನಿವಾರ ಸಂಜೆಯ ರೈಲಿಗೆ ರತ್ನವೇಲು ಬಂದರು. ಕಂಕುಳಲ್ಲಿ ಹಾಸಿಗೆ ಸುರುಳಿ. ಬಂದವರೇ ಟೆಂಟು ನೋಡಲು ಹಿತ್ತಲಿಗೆ ಹೋದರು. ಬಗ್ಗಿ ಒಳಗೆ ನೋಡಿದರು. ದಿಂಬುಗಳನ್ನು ನೋಡಿದರು. ಬಾವಿಕಟ್ಟೆಯ ಹತ್ತಿರ ನಿಂತಿದ್ದ ಜಾನಕಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಕೆಟ್ಟ ಇಂಜಿನ್ನನ್ನು ಹೀಗೇ ನೋಡುತ್ತಾರೆ ಅವರು.

“ಹೊಲಿಗೆ ಮೇಣ ಯಾರು ಹಾಕಿದ್ದು? ನಮ್ಮ ತಂಗಚ್ಚಿನಾ, ತಂಗೀನಾ? ಫಸ್ಟ್ ಕ್ಲಾಸ್!” ಎಂದರು. “ಸಾರ್, ಹೇಳೋಕೇ ಬಂದೆ. ನಾಳೆ ನಂಗೆ ಶಿಫ್ಟ್ ಹಾಕ್ಬಿಟ್ಟಿದಾರೆ. ಬರೋಕಾಗಲ್ಲ.”

“ಮತ್ತೆ ಈ ಹಾಸಿಗೆ?” ಎಂದೆ. (ನೋಡಿ, ಬಾಯಿ ಮುಚ್ಚಿಕೊಂಡಿರಲಾರೆ.)

“ಇದಾ? ಇದು... ಶಿವಮೊಗ್ಗದಲ್ಲಿ ಹತ್ತಿ ಹೊಸದಾಗಿ ತುಂಬಿಸೋಣ ಅಂತ ತಂದೆ ಸಾರ್. ಭದ್ರಾವತೀಲಿ ಸರಿಯಾಗಿ ತುಂಬಲ್ಲ.”

ಭದ್ರಾವತಿಯ ಹತ್ತಿಗೆ ಅವರು ಮಾಡಿದ ಅನ್ಯಾಯವನ್ನು ದೇವರು ಕ್ಷಮಿಸಲಿ. ಆ ಸುಳ್ಳಿನಷ್ಟು ಒಳ್ಳೆಯ ಮಾತನ್ನು ನಾನು ಯಾವ ಸಾಕ್ಷಿಯ ಬಾಯಲ್ಲೂ ಕೇಳಿಲ್ಲ.

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಕಣ್ಣ ಮುಂದೆ ಬೀದಿ ಬಂತು. ಮೋಟರ್ ಸೈಕಲ್ಲಿನ ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಹೋದರೆ ಕೋಟೆ ರಸ್ತೆಯ ಎಲ್ಲ ಕಿಟಕಿಗಳೂ ತೆರೆಯುತ್ತವೆ. ಅದರ ಮೇಲೆ ಬಯಲಲ್ಲಿ ವಾಸ! “ಅದೆಲ್ಲ ಸರಿ, ಅಮ್ಮ ಒಪ್ಪಬೇಕಲ್ಲ,” ಎಂದೆ.

ಜಾನಕಿ ಟೆಂಟಿನೊಳಗೆ ಬಗ್ಗಿ ಕೌದಿ ಮಡಚತೊಡಗಿದಳು. ಮೂಲೆಗೆ ಮೂಲೆ ಸೇರಿಸಿ, ನಿಧಾನವಾಗಿ. ಅವಳ ಬೆನ್ನು ನೋಡುತ್ತಾ ನನಗೆ ನಾಚಿಕೆಯಾಯಿತು.

ಹಿತ್ತಲ ಬಾಗಿಲಿಂದ ಅಮ್ಮನ ದನಿ ಬಂತು.

“ಒಪ್ಪದೆ ಏನು? ನೀನೊಬ್ಬನೇ ಮಲಗೋದಾಗಿದ್ರೆ ನಾನ್ಯಾಕೆ ಎರಡು ದಿನ ಆ ದರಿದ್ರ ಬಟ್ಟೆ ಉಜ್ಜುತಿದ್ದೆ ಮಾರಾಯ? ನೀನು ಕಂಡಕಂಡ ಜಗಲೀಲಿ ಬಿದ್ಕೊಳ್ಳೋನು, ನಿಂಗೆ ಯಾವ ಮಡಿ! ಅವಳು ಮಲಗ್ತಾಳೆ ಅಂತ ಒಗೆದೆ. ಏ ಜಾನಕೀ, ಹಾಸು ಅದನ್ನ. ಯಾರಾದ್ರೂ ಕೇಳಿದ್ರೆ ಸಂಗಮದ ಸ್ನಾನಕ್ಕೆ ಹೋಗಿದಾರೆ ಅಂತೀನಿ. ಮಗು ನನ್ನ ಹತ್ರ ಇರ್ತಾಳೆ.”

ಅಂದರೆ ನಮ್ಮ ಮನೆಯಲ್ಲಿ ಆ ಖಾಲಿ ಜಾಗ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ರತ್ನವೇಲು ಆ ಸಂಜೆ ಊಟ ಮಾಡಿ, ನಮ್ಮ ಮುರಿದ ಮಂಚದ ಕಬ್ಬಿಣದ ಪಟ್ಟಿ ಬಗ್ಗಿಸಿ, ಜಾನಕಿಗೆ ಕಾಲಿಡಲು ಗಾಡಿಗೆ ಒಂದು ಮೆಟ್ಟಿಲು ಕೂರಿಸಿ, ಕೊನೆಯ ರೈಲಿಗೆ ಹೋದರು. ಹಾಸಿಗೆಯನ್ನು ಹಾಗೇ ಹೊತ್ತುಕೊಂಡು ಹೋದರು.

ಭಾನುವಾರ ಹೊರಟೆವು. ಕಿಟಕಿಗಳು ತೆರೆದವು. ನಾನು ಎಣಿಸಲಿಕ್ಕೆ ಹೋಗಲಿಲ್ಲ. ಊರು ದಾಟುವವರೆಗೆ ಜಾನಕಿ ನನ್ನ ಕೋಟಿನ ಅಂಚು ಮಾತ್ರ ಹಿಡಿದಿದ್ದಳು. ಊರು ದಾಟಿದ ಮೇಲೆ ಹೆಗಲು ಹಿಡಿದಳು.

ಸಂಜೆ ಒಂದು ಮಳೆ ಬಂತು. ಅಡ್ಡಮಳೆ, ಅರ್ಧ ಗಂಟೆ. ಟೆಂಟು ಸೋರಲಿಲ್ಲ. “ಒಳಗಿಂದ ಬಟ್ಟೆ ಮುಟ್ಟಬೇಡಿ, ಮುಟ್ಟಿದ ಕಡೆ ನೀರು ಬರತ್ತೆ ಅಂತ ರತ್ನವೇಲಣ್ಣ ಹೇಳಿದಾರೆ,” ಎಂದಳು ಜಾನಕಿ. ನಾನು ಮುಟ್ಟಿದೆ. ಅಲ್ಲಿ ಮಾತ್ರ ಬಂತು, ನೇರ ನನ್ನ ಹಣೆಯ ಮೇಲೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ಮುಂಜಾನೆ ಇನ್ನೂ ಮಬ್ಬಿರುವಾಗ ಅವಳು ಧಡಕ್ಕನೆ ಎದ್ದು ಕೂತಳು. ಕೈ ಆಗಲೇ ಕೂದಲು ಗಂಟು ಹಾಕುತ್ತಿತ್ತು.

“ಏನು?” ಎಂದೆ.

“ಒಲೆ...” ಎಂದಳು. ಸುತ್ತ ನೋಡಿದಳು. ಒಲೆ ಇರಲಿಲ್ಲ. ಕೌದಿ ಇತ್ತು, ಹೊಳೆಯ ಸದ್ದಿತ್ತು, ನಾನಿದ್ದೆ. ಕೂದಲನ್ನು ಹಾಗೇ ಬಿಟ್ಟು ಮತ್ತೆ ಮಲಗಿದಳು.

ಬಿಸಿಲು ಬಟ್ಟೆಯ ಮೇಲೆ ಬಿದ್ದು ಒಳಗೆಲ್ಲ ಹಳದಿಯಾಯಿತು. ಆಗಲೂ ಅವಳಿಗೆ ಎಚ್ಚರವಾಗಲಿಲ್ಲ. ನಾನು ಕಾಲು ಮಡಚಿಕೊಂಡು ಕೂತು ನೋಡುತ್ತಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಗಲ್ಲದ ಕೆಳಗೆ ಒಂದು ಸಣ್ಣ ಮಚ್ಚೆ ಇದೆ. ಅದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮದುವೆಯಾಗಿ ಹನ್ನೊಂದು ವರ್ಷ. ಹೆಂಡತಿ ನಿದ್ದೆ ಮಾಡುವುದನ್ನು ನಾನು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು.

ನೀವು ನೋಡಿದ್ದೀರಾ?